ಹರಿವಾಣದಲ್ಲಿ ಹರಿ ಎಲ್ಲಿದ್ದಾನೆ?

ಪದಪ್ರಿಯ:
ಈ ವಾರದ ಸಮಸ್ಯೆ ಇಗೋ. ಕೊನೆಯ ಸಾಲು ನನ್ನದು, ಅದಕ್ಕೆ ಅರ್ಥ ಕೂಡುವ ಹಾಗೆ ಮೇಲಿನ ಮೂರು ಸಾಲು ನಿಮ್ಮದು. ನಾಲ್ಕು ಸಾಲು, ಸಾಲಿಗೆ ಐದೈದು ಮಾತ್ರೆಯ ನಾಲ್ಕು ಗಣ. ಎರಡನೇ ಅಕ್ಷರದ ಪ್ರಾಸ ತಪ್ಪಬಾರದು.

ಹರಿವಾಣದೊಳಗಿಟ್ಟು ಹರಿಯನುಂಡರು ಮಂದಿ

ಹರಿವಾಣ ಅಂದರೆ ಅಗಲವಾದ ಲೋಹದ ತಟ್ಟೆ. ನಮ್ಮಜ್ಜಿಗೆ ಮಂಗಳಾರತಿಗೂ ಅದೇ, ಹಪ್ಪಳ ಒಣಗಿಸಲಿಕ್ಕೂ ಅದೇ. ದೇವರನ್ನೇ ತಟ್ಟೆಗೆ ಹಾಕಿಕೊಂಡು ಉಣ್ಣುವುದು ಹೇಗೆ? ಬಿಡಿಸಿ.

ಒಗ್ಗರಣೆ:
ಇದು ನನಗೇ ಕೊಟ್ಟ ಹಾಗಿದೆ!

ಅರಿಸಿನವ ಬೆರೆಸಿರಲು ಬೆಳ್ಳನೆಯ ಬೋನದಲಿ
ಹರಡಿತೈ ಹೊಂಬಣ್ಣ, ಹಿಂಡಿದರು ನಿಂಬೆಯನು
ಹರಿಯೆನಲು ಹಳದಿಯೆಂಬರ್ಥವುಂಟಲ್ಲವೇ
ಹರಿವಾಣದೊಳಗಿಟ್ಟು ಹರಿಯನುಂಡರು ಮಂದಿ

ಅಡಿಟಿಪ್ಪಣಿ:
ಸಂಸ್ಕೃತದ ಹಳೆಯ ನಿಘಂಟು ಅಮರಕೋಶದ ಪ್ರಕಾರ ಹರಿ ಅಂದರೆ ಕಪಿಲ ಬಣ್ಣ, ಕಂದು ಬೆರೆತ ಹಳದಿ. ನಿಮ್ಮ ಚಿತ್ರಾನ್ನ ಸ್ವಲ್ಪ ಸೀದಿರಬೇಕು. ಅದೇ ಶ್ಲೋಕದಲ್ಲಿ ಸಿಂಹ, ಕುದುರೆ, ಗಿಳಿ, ಹಾವು, ಕೋತಿ, ಕಪ್ಪೆ ಎಲ್ಲ ಇವೆ. ಯಾವುದನ್ನೂ ಉಣ್ಣುವ ಹಾಗಿಲ್ಲ. ಚಂದ್ರನೂ ಇದ್ದಾನೆ, ಅವನನ್ನು ಹಿಡಿದೆ:

ಇರುಳಿನಲಿ ಮಗುವತ್ತು ಬೇಕೆನಲು ಚಂದಿರನ
ಸುರಿದಿಟ್ಟು ತಿಳಿನೀರ ತೋರಿದಳು ಹಡೆದವ್ವ
ನೆರೆದರೆಲ್ಲರು ನೋಡೆ, ಬಾಯಲ್ಲ, ಕಣ್ಣಿಂದ
ಹರಿವಾಣದೊಳಗಿಟ್ಟು ಹರಿಯನುಂಡರು ಮಂದಿ

ಪದಪ್ರಿಯ:
'ಹಡೆದವ್ವ' ಬಂದಲ್ಲೇ ನಾನು ಸೋತೆ. ನನ್ನ ಓಟು ಇದಕ್ಕೆ.

ಅಡಿಟಿಪ್ಪಣಿ:
ಓಟಿಗೆ ಥ್ಯಾಂಕ್ಸ್. ಆದರೆ ಸಮಸ್ಯೆಯ ಮೇಲೇ ಒಂದು ತಕರಾರು ಇದೆ. ಹರಿವಾಣದಲ್ಲಿ ಮೊದಲಿಗೆ ಹರಿ ಇರಲೇ ಇಲ್ಲ! ಹಳಗನ್ನಡದಲ್ಲಿ ಅದು ಪರಿಯಣ. ಪಾಲು ಹಾಲಾದ ಹಾಗೆ, ಪಾವು ಹಾವಾದ ಹಾಗೆ, ಪಕಾರ ಹೋಗಿ ಹಕಾರ ಬಂತು. ಪರಿಯಣ ಹರಿಯಣ ಆಯಿತು, ಆಮೇಲೆ ಹರಿವಾಣ. ಪಂಪನ ಕಾಲದಲ್ಲಿ ನೀವು ಈ ಸಮಸ್ಯೆ ಕೊಟ್ಟಿದ್ದರೆ ಹರಿಯೂ ಸಿಗುತ್ತಿರಲಿಲ್ಲ, ಗಣವೂ ಕೂರುತ್ತಿರಲಿಲ್ಲ. ಪರಿಯಣಕ್ಕೆ ನಾಲ್ಕೇ ಮಾತ್ರೆ ಅಲ್ವಾ? (ಹರಿಯಾಣ ರಾಜ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಯಾರಾದರೂ ಕೇಳೇ ಕೇಳುತ್ತೀರಿ.)

ಒಗ್ಗರಣೆ:
ನಮ್ಮ ಧಾರವಾಡದ ಕಡೆ ಈ ತಲೆನೋವೇ ಇಲ್ಲ. ಉಣ್ಣುವ ತಟ್ಟೆಗೆ ಗಂಗಾಳ ಅನ್ನುತ್ತೇವೆ. ಇನ್ನು ಅದರಲ್ಲಿ ಗಂಗೆ ಹುಡುಕಿಕೊಂಡು ಬರಬೇಡಿ.

ಪದಪ್ರಿಯ:
ತಕರಾರು ಒಪ್ಪಿದೆ. ಆದರೆ ಇಷ್ಟು ಕಾಲ ಕೂತ ಹರಿಯನ್ನು ಈಗ ಎಬ್ಬಿಸುವವರು ಯಾರು? ಮುಂದಿನ ವಾರಕ್ಕೆ ತಳಿಗೆ, ಅದೂ ತಟ್ಟೆಯೇ. ಸಂಸ್ಕೃತದ ಸ್ಥಾಲಿಗೆ ನೆಂಟಳು, ಹೋಟೆಲಿನ ಥಾಲಿಗೆ ಅಕ್ಕ.

ತಳಿಗೆಯನೆ ತಳಿಗೆಯಲಿ ಬಡಿಸಿದಳು ನೋಡವ್ವ

ಅಯ್ಯಂಗಾರರ ಮನೆಯವರು ಎರಡು ದಿನ ಸುಮ್ನೆ ಇರಬೇಕು. ಅವರಿಗೆ ಉತ್ತರ ಅಡುಗೆಮನೆಯಲ್ಲೇ ಸಿಗುತ್ತದೆ.