ಅಪ್‌ಡೇಟ್: ಹಳೇ ಕಾರಿಗೆ ಆಟೋ ಹೆಡ್‌ಲೈಟ್ ಕೂತಿತು

ತೀರ್ಥಹಳ್ಳಿ–ಆಗುಂಬೆ ದಾರಿಯಲ್ಲಿ ಓಡಾಡುವ ಹಳೇ ಕಾರಿಗೆ, ಕತ್ತಲಾದರೆ ತಾನೇ ಹೊತ್ತುವ ಹೆಡ್‌ಲೈಟ್ ಹಾಕಿಸಬಹುದಾ ಎಂದು ಕೇಳಿದ್ದೆ. ಹಾಕಿಸಿಯಾಯ್ತು, ಚೆನ್ನಾಗಿದೆ.

ಬೆಳಕು ನೋಡಿ ಲೈಟ್ ಹೊತ್ತಿಸುವ ಸೆನ್ಸರ್ ಮಾಡ್ಯೂಲ್‌ನಿಂದ ನೇರ ಬಲ್ಬಿಗೆ ಕರೆಂಟ್ ಕೊಡಲೇಬೇಡಿ. 55 ವ್ಯಾಟ್‌ನ ಎರಡು ಲೋ ಬೀಮ್ ಸೇರಿದರೆ 12 ವೋಲ್ಟ್‌ನಲ್ಲಿ 9 ಆಂಪಿಯರ್ ದಾಟುತ್ತೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ಬೇಕೇ ಬೇಕು. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್ (ಕರೆಂಟ್ ಒಳಬರುವ ಪಿನ್). ಕರೆಂಟ್ ಹೊರಹೋಗುವ 87ನೇ ಪಿನ್ನಿನ ವೈರ್, ಹೈ-ಲೋ ಬದಲಿಸುವ ಡಿಪ್ಪರ್ ಸ್ವಿಚ್ಚಿಗಿಂತ ಮೊದಲೇ ಸೇರಬೇಕು. ಡಿಪ್ಪರ್ ದಾಟಿಸಿ ಲೋ ಬೀಮ್ ವೈರಿಗೆ ಕೊಟ್ಟರೆ, ಹೈ ಹಾಕಿದಾಗ ಎಚ್4 ಬಲ್ಬಿನ (ಹೈ, ಲೋ ಎರಡೂ ಒಂದರಲ್ಲೇ ಇರುವ ಬಲ್ಬು) ಎರಡೂ ಫಿಲಮೆಂಟ್ ಒಟ್ಟಿಗೆ ಉರಿದು ಹೋಲ್ಡರ್ ಕರಗುವಷ್ಟು ಕಾಯಬಹುದು. ಕೆಲವು ಗಾಡಿಗಳಲ್ಲಿ ಸ್ವಿಚ್ ಇರುವುದು ಅರ್ತ್ (ನೆಗೆಟಿವ್) ಕಡೆ, ಅಲ್ಲಿ ಈ ಜೋಡಣೆ ಹೀಗೇ ನಡೆಯೋದಿಲ್ಲ. ವೈರ್ ಕತ್ತರಿಸುವ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಿ.

ಹಿಂದಿನ ಪಾರ್ಕ್ ಲೈಟಿಗೆ ಬೇರೆಯೇ ರಿಲೇ ಹಾಕಿಸಿ. ಒಂದರಿಂದಲೇ ಎರಡಕ್ಕೂ ಕೊಟ್ಟರೆ, ಬರೀ ಪಾರ್ಕ್ ಹಾಕಿದಾಗಲೂ ಕರೆಂಟ್ ಹಿಂದೆ ಹರಿದು ಹೆಡ್‌ಲೈಟಿಗೆ ಹೋಗುತ್ತೆ. ಮಾಡ್ಯೂಲಿಗೆ ಕರೆಂಟ್ ಕೊಡಲು ಇಗ್ನಿಷನ್ ಲೈನ್ (ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರ್) ಸಾಕು.

ಕಾಡಿನ ದಾರಿಯಲ್ಲಿ ಮರದ ನೆರಳು ಬಂದು ಹೋಗುವಾಗ ಲೈಟ್ ಮಿಣುಕಬಾರದು. ಆರುವುದು ಕೆಲವು ಸೆಕೆಂಡ್ ತಡವಾಗುವ ಮಾಡ್ಯೂಲನ್ನೇ ಕೊಳ್ಳಿ.

ಮಂಜಿಗೆ ಮಾತ್ರ ಇದನ್ನು ನಂಬಬೇಡಿ. ಹಗಲು ಮಂಜಿನಲ್ಲೂ ಸೆನ್ಸರಿಗೆ ಬೆಳಕು ಸಾಕಷ್ಟು ಬೀಳುತ್ತೆ, ಲೈಟ್ ಹೊತ್ತೋದಿಲ್ಲ. ಹಳೇ ಸ್ವಿಚ್ ಉಳಿಸಿಕೊಂಡು, ಘಾಟಿಯಲ್ಲಿ ಲೋ ಬೀಮ್ ಕೈಯಿಂದಲೇ ಹಾಕಿ.