ಅಪ್‌ಡೇಟ್: ಮೀಥೈಲ್ ಆರೆಂಜ್ ಕೊನೆಗೂ ಬಂತು

ಹೋದ ವಾರ ಕೇಳಿದ್ದೆ, ನೆನಪಿದೆಯಾ? ತುಮಕೂರಿನ ನಮ್ಮ ಕಾಲೇಜು ಲ್ಯಾಬಿನಲ್ಲಿ ಮೀಥೈಲ್ ಆರೆಂಜ್ (ಆಮ್ಲವೋ ಅಲ್ಲವೋ ಎಂದು ಬಣ್ಣ ಬದಲಿಸಿ ತೋರಿಸುವ ರಂಗು) ಮಾಡಲು ಹೋದರೆ ಕಂದು ಬಣ್ಣದ ಅಂಟು ಮುದ್ದೆ ಬರುತ್ತಿದೆ, ಯಾಕೆ ಅಂತ. "ಐಸ್ ಸಾಕಾಗಿಲ್ಲ" ಎಂದವರಿಗೆ ದೊಡ್ಡ ನಮಸ್ಕಾರ. ತಪ್ಪು ಅಲ್ಲೇ ಇತ್ತು.

ಸಲ್ಫನಿಲಿಕ್ ಆಮ್ಲವನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಕರಗಿಸಿ, ಸೋಡಿಯಂ ನೈಟ್ರೈಟ್ ಸೇರಿಸಿ, ಐಸ್ ಹಾಕಿದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸುರಿಯಬೇಕು. ಆಗ ಹುಟ್ಟುವ ಡಯಜೋನಿಯಂ ಲವಣ (ರಂಗು ಆಗುವ ಮುಂಚಿನ, ಬೇಗ ಒಡೆಯುವ ವಸ್ತು) 5 ಡಿಗ್ರಿಯೊಳಗೇ ಇರಬೇಕು. ಬಿಸಿಯಾದರೆ ಒಡೆದು ನೈಟ್ರೋಜನ್ ಗುಳ್ಳೆ ಬಿಡುತ್ತದೆ. ನಾನು ಆ ಗುಳ್ಳೆ ನೋಡಿ 'ಚೆನ್ನಾಗಿ ನಡೀತಿದೆ' ಅಂತ ಸುಮ್ನೆ ಖುಷಿಪಟ್ಟಿದ್ದೆ!

ಈ ಸಲ ಕಬ್ಬಿನ ಹಾಲಿನ ಅಂಗಡಿಯಿಂದ ಒಂದು ಚೀಲ ಐಸ್ ತಂದು, ಉಪ್ಪು ಬೆರೆಸಿ, ಅದರಲ್ಲಿ ಬೀಕರ್ ಇಟ್ಟೆ. ಥರ್ಮಾಮೀಟರ್ 3 ಡಿಗ್ರಿ ತೋರಿಸಿತು. ಬಿಳಿ ಪುಡಿ ಕೂತಿತು, ಅದೇ ಆ ಡಯಜೋನಿಯಂ ಲವಣ. ಅದನ್ನು ಒಣಗಿಸಲು ಹೋಗಬೇಡಿ, ಒಣಗಿದರೆ ಸಿಡಿಯಬಹುದು. ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಡೈಮೀಥೈಲ್ ಅನಿಲಿನ್ ಹಾಕಿದ್ದೇ ತಡ, ಕೆಂಪು! ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ ಕಿತ್ತಳೆಗೆ ತಿರುಗಿತು. ಬಿಸಿನೀರಿನಲ್ಲಿ ಕರಗಿಸಿ ತಣಿಸಿದರೆ ಹೊಳೆಯುವ ಹರಳು.

ನಿಂಬೆರಸಕ್ಕೆ ಒಂದು ಹನಿ ಬಿಟ್ಟೆ, ಕೆಂಪು. ಅಡುಗೆ ಸೋಡಾಕ್ಕೆ ಹಳದಿ. ಪಿಎಚ್ (ಆಮ್ಲ-ಕ್ಷಾರದ ಅಳತೆ; 7 ಅಂದರೆ ಎರಡೂ ಅಲ್ಲ, ಅದಕ್ಕಿಂತ ಕಡಿಮೆ ಆಮ್ಲ) 3.1ರ ಕೆಳಗೆ ಕೆಂಪು, 4.4ರ ಮೇಲೆ ಹಳದಿ. ಅಂದರೆ ಬರೀ ನಲ್ಲಿ ನೀರಲ್ಲೂ ಹಳದಿಯೇ ಅಲ್ವಾ? ನನ್ನ ಗೆಳೆಯ ಅದನ್ನು ನೋಡಿ "ನೀರು ಕ್ಷಾರ" ಅಂತ ತಪ್ಪಾಗಿ ಬರೆದುಬಿಟ್ಟಿದ್ದ.

ಕೈಗವಸು ಮರೆತಿದ್ದೆ. ಮೂರು ದಿನವಾದರೂ ಬೆರಳಿನ ಬಣ್ಣ ಹೋಗಿಲ್ಲ. ಅಮ್ಮ "ಹೋಳಿ ಆಡಿದ್ಯಾ?" ಅಂತ ಕೇಳಿದರು.