ತುಪ್ಪವಿಲ್ಲದ ಹಯಗ್ರೀವ: ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ (ಮೈಸೂರು)

ಮಾಧ್ವ ಯತಿ ವಾದಿರಾಜರ ಆರಾಧನೆಯ (ಪುಣ್ಯತಿಥಿಯ) ದಿನ ಹಯಗ್ರೀವ ಎಂಬ ಕಡಲೆಬೇಳೆ, ಬೆಲ್ಲದ ಸಿಹಿ ಮಾಡುವ ಪದ್ಧತಿ ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ನಡೆದುಬಂದಿದೆ. ಈ ಸಲ ಬರಲಿರುವ ಸೊಸೆ ವೀಗನ್ ಆಗಿದ್ದು, ಹಾಲು, ಮೊಸರು, ತುಪ್ಪಗಳನ್ನು ಪೂರ್ತಿ ಬಿಟ್ಟಿದ್ದಾಳೆ. ಯಜಮಾನರಿಗೆ ಸಕ್ಕರೆ ಕಾಯಿಲೆಯ ಜೊತೆಗೆ ಕೊಲೆಸ್ಟರಾಲ್ ಕೂಡ ಇದೆ. ಒಂದು ಪಾವು (ಸುಮಾರು 200 ಗ್ರಾಂ) ಕಡಲೆಬೇಳೆಗೆ ಒಂದೂವರೆ ಪಾವು ಬೆಲ್ಲ, ಅರ್ಧ ಪಾವು ತುಪ್ಪ ಎಂಬುದು ನಮ್ಮ ಲೆಕ್ಕ. ತುಪ್ಪದ ಬದಲು ಅಷ್ಟೇ ಕೊಬ್ಬರಿ ಎಣ್ಣೆ ಹಾಕಿದರೆ ಸಾಕೇ? ಬೆಲ್ಲವನ್ನು ಎಷ್ಟರವರೆಗೆ ಇಳಿಸಬಹುದು?

ಉತ್ತರ (ಉಡುಪಿ)

ಕಡಲೆಬೇಳೆ, ಬೆಲ್ಲ, ಕೊಬ್ಬರಿ, ಗಸಗಸೆ, ದ್ರಾಕ್ಷಿ, ಗೋಡಂಬಿ, ಏಲಕ್ಕಿ, ಲವಂಗ ಇಷ್ಟೂ ಸೊಸೆಗೆ ಆಗುವ ಪದಾರ್ಥಗಳೇ. ತೆಗೆಯಬೇಕಾದದ್ದು ತುಪ್ಪ ಒಂದೇ. ಆದರೆ ಹಯಗ್ರೀವದಲ್ಲಿ ತುಪ್ಪ ಮೂರು ಕೆಲಸ ಮಾಡುತ್ತದೆ: ಪಾಕ ತಳ ಹಿಡಿಯದಂತೆ ನೋಡಿಕೊಳ್ಳುತ್ತದೆ, ಬೇಳೆಗೆ ನುಣುಪು ಕೊಡುತ್ತದೆ, ಏಲಕ್ಕಿ ಲವಂಗಗಳ ಪರಿಮಳವನ್ನು ಹಿಡಿದಿಡುತ್ತದೆ. ಈ ಮೂರಕ್ಕೂ ಬೇರೆ ಬೇರೆ ಏರ್ಪಾಡು ಮಾಡಿಕೊಂಡರೆ ಅರ್ಧ ಪಾವು ಎಣ್ಣೆ ಸುರಿಯುವ ಅಗತ್ಯ ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಎರಡು ಚಹಾ ಚಮಚ ಗಾಣದ ಕೊಬ್ಬರಿ ಎಣ್ಣೆಯಲ್ಲಿ ಕೆಲಸ ಮುಗಿಯುತ್ತದೆ.

ಬೇಳೆಯನ್ನು ಒಂದು ಗಂಟೆ ನೆನೆಸಿ, ಬೆರಳಲ್ಲಿ ಒತ್ತಿದರೆ ಹಿಸುಕುವಂತೆ, ಆದರೆ ಕರಗಿ ಹೋಗದಂತೆ ಬೇಯಿಸಿ, ಕಟ್ಟನ್ನು ಸಾರಿಗೆ ಬಸಿದಿಟ್ಟುಕೊಳ್ಳಿ. ಬೇಳೆ ಪೂರ್ತಿ ಬೇಯುವ ಮೊದಲೇ ಬೆಲ್ಲ ಬಿದ್ದರೆ ಆಮೇಲೆ ಎಷ್ಟು ಕುದಿಸಿದರೂ ಅದು ಮೆತ್ತಗಾಗುವುದಿಲ್ಲ. ನುಣುಪಿಗಾಗಿ ಎರಡು ದೊಡ್ಡ ಚಮಚ ಗೋಡಂಬಿ ಮತ್ತು ಒಂದು ಚಮಚ ಹುರಿದ ಗಸಗಸೆಯನ್ನು ಬಿಸಿನೀರಿನಲ್ಲಿ ನೆನೆಸಿ, ಬೆಣ್ಣೆಯಂತೆ ರುಬ್ಬಿ ಇಟ್ಟುಕೊಳ್ಳಬೇಕು. ಬೆಲ್ಲವನ್ನು ಕಾಲು ಪಾವು ನೀರಿನಲ್ಲಿ ಕರಗಿಸಿ ಸೋಸಿ, ದಪ್ಪ ತಳದ ಪಾತ್ರೆಯಲ್ಲಿ ಬೇಳೆಯೊಂದಿಗೆ ಸಣ್ಣ ಉರಿಯಲ್ಲಿಟ್ಟು, ಅರ್ಧ ಗಟ್ಟಿಯಾದ ಮೇಲೆ ಈ ರುಬ್ಬಿದ್ದನ್ನು ಸೇರಿಸಿ. ಅಂಚಿನಲ್ಲಿ ತುಪ್ಪ ಬಿಟ್ಟಾಗ ಹಯಗ್ರೀವ ಆಯಿತೆಂದು ತಿಳಿಯುವುದು ವಾಡಿಕೆ. ಇಲ್ಲಿ ಆ ಗುರುತು ಸಿಗದ ಕಾರಣ, ಸೌಟಿನಿಂದ ತಳವನ್ನು ಗೀರಿ ನೋಡಬೇಕು: ಗೀರಿದ ದಾರಿ ತಕ್ಷಣ ಮುಚ್ಚಿಕೊಳ್ಳದೆ ಒಂದು ಕ್ಷಣ ನಿಂತರೆ ಇಳಿಸಬಹುದು, ಆರಿದ ಮೇಲೆ ಅದು ಇನ್ನೂ ಗಟ್ಟಿಯಾಗುತ್ತದೆ. ಕೊನೆಗೆ ಆ ಎರಡು ಚಮಚ ಎಣ್ಣೆಯಲ್ಲಿ ಲವಂಗ, ತೆಳುವಾಗಿ ಹೆಚ್ಚಿದ ಕೊಬ್ಬರಿ ಮತ್ತು ದ್ರಾಕ್ಷಿಯನ್ನು ಹುರಿದು, ಒಲೆ ಆರಿಸಿ, ಅದೇ ಬಿಸಿ ಎಣ್ಣೆಗೆ ಏಲಕ್ಕಿ ಪುಡಿ ಹಾಕಿ ಕೂಡಲೇ ಮೇಲೆ ಸುರಿಯಿರಿ. ಪರಿಮಳ ಅಷ್ಟರಲ್ಲೇ ಬರುತ್ತದೆ.

ನೈವೇದ್ಯದ ವಿಷಯವನ್ನು ನೀವು ಕೇಳಿಲ್ಲವಾದರೂ ಹೇಳುತ್ತೇನೆ. ಮನೆಯ ಹಿರಿಯರಿಗೆ ತುಪ್ಪವಿಲ್ಲದ ಹಯಗ್ರೀವವನ್ನು ದೇವರಿಗೆ ಇಡುವುದು ಒಪ್ಪಿಗೆಯಾಗದಿದ್ದರೆ, ಬೇಳೆ ಮತ್ತು ಬೆಲ್ಲ ಕೂಡಿದ ಹಂತದಲ್ಲೇ ಒಂದು ಪಾಲನ್ನು ಬೇರೆ ಪಾತ್ರೆಗೆ ತೆಗೆದು ಅದಕ್ಕೆ ಮಾತ್ರ ತುಪ್ಪ ಹಾಕಿ. ಒಂದೇ ಅಡುಗೆಯಲ್ಲಿ ಎರಡೂ ಆಗುತ್ತವೆ, ಸೊಸೆಗೆಂದು ಬೇರೆ ಒಲೆ ಹೂಡಿದಂತೆಯೂ ಆಗುವುದಿಲ್ಲ.

ಉತ್ತರ (ಬೆಂಗಳೂರು)

ಆಹಾರ ತಜ್ಞೆಯಾಗಿ ಕೆಲಸ ಮಾಡುವ ನನ್ನ ಬಳಿ ಬರುವವರಲ್ಲಿ ಹಲವರು ವೀಗನ್ ಎಂದರೆ ಆರೋಗ್ಯಕರವೆಂದೇ ಭಾವಿಸಿರುತ್ತಾರೆ. ಎರಡೂ ಒಂದೇ ಅಲ್ಲ. ಕೊಬ್ಬರಿ ಎಣ್ಣೆಯಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗ ಕೊಲೆಸ್ಟರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ, ತುಪ್ಪದಲ್ಲಿ ಅದು ಸುಮಾರು ಶೇಕಡಾ 60. ಅಂದರೆ ಅಳತೆಗೆ ಅಳತೆ ಬದಲಾಯಿಸಿದರೆ ನಿಮ್ಮ ಯಜಮಾನರ ಕೊಲೆಸ್ಟರಾಲ್ ದೃಷ್ಟಿಯಿಂದ ಯಾವ ಲಾಭವೂ ಇಲ್ಲ; ಉಡುಪಿಯವರು ಹೇಳಿದಂತೆ ಪ್ರಮಾಣ ಇಳಿಸುವುದರಲ್ಲೇ ಲಾಭವಿದೆ. ಅರ್ಧ ಪಾವು ತುಪ್ಪವೆಂದರೆ ಹೆಚ್ಚುಕಡಿಮೆ 100 ಗ್ರಾಂ, ಅದರಿಂದಲೇ ಸುಮಾರು 900 ಕಿಲೋಕ್ಯಾಲರಿ. ಗೋಡಂಬಿಯಲ್ಲೂ ಕೊಬ್ಬು ಇದೆಯಾದರೂ ಅದರಲ್ಲಿ ಹೆಚ್ಚಿನ ಪಾಲು ಅನ್‌ಸ್ಯಾಚುರೇಟೆಡ್ ಆಗಿರುವುದರಿಂದ ನುಣುಪಿಗೆ ಅದನ್ನು ನೆಚ್ಚಿಕೊಳ್ಳಬಹುದು. ವನಸ್ಪತಿ ಡಬ್ಬಿಯನ್ನು ಮಾತ್ರ ಅದು ಸಸ್ಯಜನ್ಯ ಎಂಬ ಕಾರಣಕ್ಕೆ ತರಬೇಡಿ.

ಬೆಲ್ಲದ ಬಗ್ಗೆ ನಮ್ಮಲ್ಲಿ ಮೋಹ ಹೆಚ್ಚು. ಅದರಲ್ಲಿ ಅಲ್ಪಸ್ವಲ್ಪ ಖನಿಜಾಂಶ ಇದ್ದರೂ ಬಹುಪಾಲು ಇರುವುದು ಸಕ್ಕರೆಯೇ. ಕಡಲೆಬೇಳೆ ತಾನಾಗಿ ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಧಾನ್ಯ. ಆ ಗುಣವನ್ನು ಒಂದೂವರೆ ಪಟ್ಟು ಬೆಲ್ಲ ಹಾಕಿ ಹಾಳುಮಾಡುವವರು ನಾವು. ಒಂದು ಪಾವು ಬೇಳೆಗೆ ಮುಕ್ಕಾಲು ಪಾವು, ಅಂದರೆ ಸುಮಾರು 150 ಗ್ರಾಂ ಬೆಲ್ಲ ಹಾಕಿ ಹತ್ತು ಜನರಿಗೆ ಬಡಿಸಿದರೆ ಒಬ್ಬೊಬ್ಬರ ಪಾಲಿಗೆ 15 ಗ್ರಾಂ ಬರುತ್ತದೆ, ಅದು ಮೂರು ಚಹಾ ಚಮಚ ಸಕ್ಕರೆಗೆ ಹತ್ತಿರದ ಲೆಕ್ಕ. ಯಜಮಾನರಿಗೆ ಅದರಲ್ಲಿ ಅರ್ಧ ಬಡಿಸಿ, ಅದಕ್ಕೆ ತಕ್ಕಂತೆ ಅನ್ನವನ್ನೂ ಕಡಿಮೆ ಮಾಡಿ, ಅವರ ವೈದ್ಯರ ಸಲಹೆಯನ್ನು ಮೀರದಿರಿ. ಬೆಲ್ಲ ಇಳಿಸಿದಾಗ ಪಾಕವೂ ಕಡಿಮೆಯಾಗಿ ಬೇಳೆ ಬಿಡಿಬಿಡಿಯಾಗುವುದರಿಂದ, ಬೆಂದ ಬೇಳೆಯ ಕಾಲು ಭಾಗವನ್ನು ಸೌಟಿನಲ್ಲೇ ಮಸೆದು ಬೆರೆಸಿಕೊಳ್ಳಬೇಕು. ಒಂದು ಚಿಟಿಕೆ ಉಪ್ಪು ಹಾಕಿದರೆ ಇರುವ ಸಿಹಿ ಎದ್ದು ಕಾಣುತ್ತದೆ.

ಉತ್ತರ (ದುಬೈ)

ಖರ್ಜೂರದ ಬಗ್ಗೆ ಎರಡು ಮಾತು, ಏಕೆಂದರೆ ಇಲ್ಲಿ ಅದಕ್ಕೇನೂ ಕೊರತೆಯಿಲ್ಲ. ಬೆಲ್ಲದ ಮೂರನೇ ಒಂದು ಭಾಗದ ಬದಲು ನೆನೆಸಿ ರುಬ್ಬಿದ ಖರ್ಜೂರ ಹಾಕಿದರೆ ನಾರಿನಂಶವೂ ಬರುತ್ತದೆ, ಹಯಗ್ರೀವಕ್ಕೆ ಬೇಕಾದ ಅಂಟೂ ಸಿಗುತ್ತದೆ. ಅದಕ್ಕಿಂತ ಹೆಚ್ಚಾದರೆ ಬಣ್ಣ ಕಪ್ಪಾಗಿ, ತಿನ್ನುವವರಿಗೆ ಖರ್ಜೂರದ ಹಲ್ವ ತಿಂದಂತಾಗುತ್ತದೆ. ಖರ್ಜೂರದಲ್ಲಿಯೂ ಸಕ್ಕರೆಯೇ ತುಂಬಿರುವುದರಿಂದ ಯಜಮಾನರ ಪಾಲನ್ನು ಅದರ ಹೆಸರಿನಲ್ಲಿ ಹೆಚ್ಚಿಸುವಂತಿಲ್ಲ. ಇದನ್ನು ಓದುವ ಕೊಲ್ಲಿಯ ಕನ್ನಡಿಗರು ಗಮನಿಸಬೇಕಾದ ವಿಷಯವೂ ಒಂದಿದೆ: ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಗಸಗಸೆ ನಿಷಿದ್ಧ, ಊರಿನಿಂದ ಪೊಟ್ಟಣ ಕಟ್ಟಿಸಿಕೊಂಡು ಬರಬೇಡಿ. ಅದರ ಬದಲು ನಾನು ಬಿಳಿ ಎಳ್ಳನ್ನು ಬಣ್ಣ ತಿರುಗದಂತೆ ಹುರಿದು ಗೋಡಂಬಿಯೊಂದಿಗೆ ರುಬ್ಬುತ್ತೇನೆ.

ಉತ್ತರ (ಶಿರಸಿ)

ನಮ್ಮ ಕಡೆಯವರು ಜೋನಿ ಬೆಲ್ಲ, ಅಂದರೆ ದ್ರವರೂಪದ ಬೆಲ್ಲ ಬಳಸುತ್ತಾರೆ. ಕರಗಿಸುವ ಕೆಲಸವಿಲ್ಲ, ಪರಿಮಳವೂ ಚೆನ್ನ. ಆದರೆ ಅದರಲ್ಲೇ ನೀರಿನಂಶ ಇರುವುದರಿಂದ ಬೇರೆ ನೀರು ಸೇರಿಸದೆ, ಇನ್ನಷ್ಟು ಹೊತ್ತು ಮಗುಚಬೇಕಾಗುತ್ತದೆ.

ಪ್ರಶ್ನೆ ಕೇಳಿದವರು (ಮೈಸೂರು)

ಎಲ್ಲರಿಗೂ ಧನ್ಯವಾದಗಳು. ಬೆಲ್ಲ ಮುಕ್ಕಾಲು ಪಾವು, ಎಣ್ಣೆ ಎರಡು ಚಮಚ ಎಂದು ನಿಶ್ಚಯಿಸಿದ್ದೇನೆ. ಹಿಂದಿನ ದಿನವೇ ಏನನ್ನಾದರೂ ಸಿದ್ಧಪಡಿಸಿಟ್ಟುಕೊಳ್ಳಬಹುದೇ?

ಉತ್ತರ (ಉಡುಪಿ)

ನೈವೇದ್ಯಕ್ಕೆ ಇಡುವುದಾದರೆ ಬೇಳೆಯನ್ನು ಅಂದೇ ಬೇಯಿಸಬೇಕು. ಕೊಬ್ಬರಿ ಹೆಚ್ಚುವುದು, ಏಲಕ್ಕಿ ಕುಟ್ಟುವುದು, ಬೆಲ್ಲ ಪುಡಿ ಮಾಡುವುದು ಇವನ್ನು ಮೊದಲೇ ಮುಗಿಸಿಕೊಳ್ಳಬಹುದು. ಗೋಡಂಬಿ ಮತ್ತು ಗಸಗಸೆಯನ್ನು ಮಾತ್ರ ಅಂದು ಅಡುಗೆಯ ಹೊತ್ತಿಗೇ ರುಬ್ಬಿಕೊಳ್ಳಿ. ಉಳಿದ ಹಯಗ್ರೀವವನ್ನು ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಿಬಿಡಿ. ಬೆಲ್ಲವೂ ತುಪ್ಪವೂ ಧಾರಾಳವಾಗಿದ್ದ ಹಳೆಯ ಹಯಗ್ರೀವದಷ್ಟು ದಿನ ಇದು ತಡೆಯುವುದಿಲ್ಲ. ಗಟ್ಟಿಯಾಗಿದ್ದರೆ ಎರಡು ಚಮಚ ಬಿಸಿನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಕೈಯಾಡಿಸಿದರೆ ಸಡಿಲವಾಗುತ್ತದೆ.